ಬೋಧಕನಿಗೆ ಬೋಧಿಸಿದ ಗುಲಾಮರು

1

ಕ್ರಿಸ್ಮಸ್ ಬಂತೆಂದರೆ ಮಿಷನರಿಗೆ ಕೈತುಂಬ ಕೆಲಸ. ವರ್ಷವಿಡೀ ಪ್ರಾರ್ಥನಾ ಮಂದಿರದ ಕಡೆ ತಲೆ ಹಾಕದವರೂ ಆ ವಾರ ಬರುತ್ತಾರೆ. ಹೇಳಬೇಕಾದ ಕತೆಯೂ ಸರಳ. ಬಡವರ ಮನೆಯ ಹೆಣ್ಣುಮಗಳು ದನದ ಕೊಟ್ಟಿಗೆಯಲ್ಲಿ ಹೆತ್ತಳು, ಹುಟ್ಟಿದವನು ಲೋಕಕ್ಕೆ ಬಿಡುಗಡೆ ತರುವವನು, ಆ ಸುದ್ದಿ ಮೊದಲು ಮುಟ್ಟಿದ್ದು ಅರಮನೆಗಲ್ಲ, ರಾತ್ರಿ ಕುರಿ ಕಾಯುತ್ತಿದ್ದವರಿಗೆ. ಇಷ್ಟೇ.

ಆದರೆ ಈ ಕತೆಯನ್ನು ಯಾರ ಮುಂದೆ ಹೇಳುತ್ತಿದ್ದೀರಿ ಅನ್ನೋದು ಮುಖ್ಯ. ಹೊಟ್ಟೆ ತುಂಬಿದವನ ಮುಂದೆ ಹೇಳಿದರೆ ಅದು ಹಬ್ಬದ ಹಾಡು. ಕೊಟ್ಟಿಗೆಯಲ್ಲೇ ಹುಟ್ಟಿ ಕೊಟ್ಟಿಗೆಯಲ್ಲೇ ಸಾಯುವವನ ಮುಂದೆ ಹೇಳಿದರೆ? ಅವನು ಅದನ್ನು ನಿಜ ಅಂತ ನಂಬಿಬಿಟ್ಟರೆ? ಬಿಡುಗಡೆ ಎಂದಿರಲ್ಲ ಸ್ವಾಮಿ, ಅದು ನಮ್ಮ ಊರಿಗೆ ಯಾವತ್ತು ಬರುತ್ತೆ ಅಂತ ಎದ್ದು ನಿಂತು ಕೇಳಿದರೆ?

1831ರ ಕ್ರಿಸ್ಮಸ್ಸಿನಲ್ಲಿ ಜಮೈಕಾ ದ್ವೀಪದ ಗುಲಾಮರು ಹೀಗೆ ಕೇಳಿದರು. ಕೇಳಿದ್ದು ಬಾಯಿಮಾತಿನಲ್ಲಿ ಮಾತ್ರ ಅಲ್ಲ. ಅದಕ್ಕೆ ಐನೂರಕ್ಕೂ ಹೆಚ್ಚು ಜನ ಪ್ರಾಣ ತೆತ್ತರು. ಚರಿತ್ರೆಯಲ್ಲಿ ಅದಕ್ಕೆ ಕ್ರಿಸ್ಮಸ್ ಬಂಡಾಯ ಅಂತಲೂ ಬ್ಯಾಪ್ಟಿಸ್ಟ್ ಯುದ್ಧ ಅಂತಲೂ ಹೆಸರು. ಗುಲಾಮಗಿರಿ ರದ್ದಾದ ಕತೆ ಹೇಳುವಾಗ ನಮ್ಮ ಪಠ್ಯಪುಸ್ತಕಗಳು ಲಂಡನ್ನಿನ ಪಾರ್ಲಿಮೆಂಟಿನ ದೊಡ್ಡ ಮನಸ್ಸಿನ ಬಗ್ಗೆ ಹೇಳುತ್ತವೆ. ಆ ದೊಡ್ಡ ಮನಸ್ಸನ್ನು ಬಡಿದೆಬ್ಬಿಸಿದವರ ಬಗ್ಗೆ ಹೇಳುವುದಿಲ್ಲ. ಆದ್ದರಿಂದ ಆ ಕ್ರಿಸ್ಮಸ್ಸಿನಲ್ಲಿ ನಿಜವಾಗಿ ಮಿಷನರಿ ಕೆಲಸ ಮಾಡಿದವರು ಯಾರು ಅಂತ ಇಲ್ಲಿ ಕೇಳಿಕೊಳ್ಳಬೇಕಾಗಿದೆ.

2

ಜಮೈಕಾ ಅಂದರೆ ಆಗ ಸಕ್ಕರೆ. ಇಂಗ್ಲೆಂಡಿನ ಚಹಾ ಬಟ್ಟಲಿಗೆ ಬೀಳುವ ಸಕ್ಕರೆಗಾಗಿ ಆಫ್ರಿಕದಿಂದ ಜನರನ್ನು ಹಿಡಿದು ತಂದು ಕಬ್ಬಿನ ಗದ್ದೆಗೆ ನೂಕಿದ್ದರು. 1807ರಲ್ಲಿ ಬ್ರಿಟಿಷ್ ಹಡಗುಗಳು ಗುಲಾಮರನ್ನು ಸಾಗಿಸುವ ವ್ಯಾಪಾರಕ್ಕೆ ಕಾಯಿದೆಯಲ್ಲಿ ತಡೆ ಬಿತ್ತು. ಆದರೆ ಅಷ್ಟರೊಳಗೆ ಬಂದು ಬಿದ್ದವರು ಮತ್ತು ಅವರ ಮಕ್ಕಳು ಗುಲಾಮರಾಗಿಯೇ ಉಳಿದರು. 1831ರಲ್ಲಿ ಅವರ ಸಂಖ್ಯೆ ಮೂರು ಲಕ್ಷಕ್ಕೂ ಮೇಲೆ.

ಇವರಿಗೆ ಬ್ಯಾಪ್ಟಿಸ್ಟ್ ಸುವಾರ್ತೆ ಮೊದಲು ಹೇಳಿದವನು ಬಿಳಿಯ ಪಾದ್ರಿಯಲ್ಲ. ಅವನ ಹೆಸರು ಜಾರ್ಜ್ ಲೈಲ್. ಅಮೆರಿಕದಲ್ಲಿ ಗುಲಾಮನಾಗಿ ಹುಟ್ಟಿದ ಕಪ್ಪು ಮನುಷ್ಯ. ಜಾರ್ಜಿಯಾದಲ್ಲಿ ಅವನ ಒಡೆಯ ಬಿಡುಗಡೆ ಕೊಟ್ಟ. ಒಡೆಯ ಯುದ್ಧದಲ್ಲಿ ಸತ್ತ ಮೇಲೆ ಅವನ ಕಡೆಯವರು ಇವನನ್ನು ಮತ್ತೆ ಗುಲಾಮ ಮಾಡಲು ಜೈಲಿಗೆ ಹಾಕಿಸಿದರು. ಬಿಡುಗಡೆ ಪತ್ರ ತೋರಿಸಿ ಹೊರಗೆ ಬಂದ. ಬ್ರಿಟಿಷರು ಆ ಊರು ಬಿಟ್ಟು ಹೊರಟಾಗ ಅವರ ಜೊತೆ ಜಮೈಕಾಗೆ ಬಂದು, ಕಿಂಗ್‌ಸ್ಟನ್ ಪಟ್ಟಣದಲ್ಲಿ ಬಂಡಿ ಹೊಡೆದು, ಬೇಸಾಯ ಮಾಡಿ ಹೊಟ್ಟೆ ಹೊರೆಯುತ್ತ, ಸುಮಾರು 1783ರಿಂದ ಬೋಧನೆ ಶುರುಮಾಡಿದ. ಯಾವ ಸಂಘವೂ ಅವನಿಗೆ ಸಂಬಳ ಕೊಡಲಿಲ್ಲ. ಆಧುನಿಕ ಮಿಷನರಿಗಳ ಪಿತಾಮಹ ಅಂತ ಹೊಗಳಿಸಿಕೊಳ್ಳುವ ವಿಲಿಯಂ ಕೇರಿ ಬಂಗಾಳಕ್ಕೆ ಬಂದದ್ದು 1793ರಲ್ಲಿ. ಅದಕ್ಕೆ ಹತ್ತು ವರ್ಷ ಮುಂಚೆಯೇ ಒಬ್ಬ ಮಾಜಿ ಗುಲಾಮ ಸಮುದ್ರ ದಾಟಿ ಬಂದು ಈ ಕೆಲಸ ಮಾಡುತ್ತಿದ್ದ. ಪಿತಾಮಹನ ಪಟ್ಟ ಮಾತ್ರ ಇವನಿಗೆ ಸಿಕ್ಕಲಿಲ್ಲ.

ಲೈಲನಿಂದ ದೀಕ್ಷಾಸ್ನಾನ ಪಡೆದವರಲ್ಲಿ ಮೋಸೆಸ್ ಬೇಕರ್ ಒಬ್ಬ. ಅವನೂ ಕಪ್ಪು ಮನುಷ್ಯ, ಕ್ಷೌರಿಕ. ದ್ವೀಪದ ಪಶ್ಚಿಮ ಭಾಗಕ್ಕೆ ಹೋಗಿ ತೋಟಗಳ ಗುಲಾಮರ ನಡುವೆ ಸಭೆಗಳನ್ನು ಕಟ್ಟಿದ. ಮುಂದೆ ಬೆಂಕಿ ಹೊತ್ತಿಕೊಂಡದ್ದು ಇದೇ ಸೀಮೆಯಲ್ಲಿ.

ಹಾಗಂತ ಲೈಲ್ ಬಂಡಾಯಗಾರನೇನಲ್ಲ. ಒಡೆಯನ ಒಪ್ಪಿಗೆಯಿಲ್ಲದೆ ಗುಲಾಮನನ್ನು ಸಭೆಗೆ ಸೇರಿಸಿಕೊಳ್ಳುತ್ತಿರಲಿಲ್ಲ. ಅಷ್ಟು ತಗ್ಗಿ ನಡೆದರೂ ರಾಜದ್ರೋಹದ ಬೋಧನೆ ಅಂತ ಅವನ ಮೇಲೆ ಕೇಸು ಹಾಕಿದರು. ಒಡೆಯರಿಗೆ ಒಂದು ವಿಷಯ ಬೋಧಕರಿಗಿಂತ ಚೆನ್ನಾಗಿ ಗೊತ್ತಿತ್ತು. ಗುಲಾಮನಿಗೆ ಆತ್ಮ ಇದೆ ಅಂತ ಒಮ್ಮೆ ಒಪ್ಪಿಕೊಂಡರೆ, ಬೆನ್ನ ಮೇಲಿನ ಬಾರುಕೋಲಿನ ಗಾಯಕ್ಕೆ ಉತ್ತರ ಹೇಳಬೇಕಾಗುತ್ತದೆ.

ಇದನ್ನು ತಪ್ಪಿಸಿಕೊಳ್ಳೋದಕ್ಕೆ ಅವರು ಹೂಡಿದ ಹುನ್ನಾರ ನೋಡಿ. 1807ರಲ್ಲಿ ಲಂಡನ್ನಿನಲ್ಲಿ ಬ್ರಿಟಿಷ್ ವೆಸ್ಟ್ ಇಂಡೀಸಿನ ಗುಲಾಮರಿಗೋಸ್ಕರವೇ ಆಯ್ದ ಭಾಗಗಳ ಒಂದು ಬೈಬಲ್ಲು ಅಚ್ಚಾಯಿತು. ಹಳೆಯ ಒಡಂಬಡಿಕೆಯ ಹತ್ತರಲ್ಲಿ ಸುಮಾರು ಒಂಬತ್ತು ಪಾಲು ಅದರಲ್ಲಿ ಇಲ್ಲ. ಹೊಸ ಒಡಂಬಡಿಕೆಯಲ್ಲೂ ಹತ್ತಿರ ಹತ್ತಿರ ಅರ್ಧ ಇಲ್ಲ. ಮೋಶೆ ತನ್ನ ಜನರನ್ನು ಈಜಿಪ್ಟಿನ ದಾಸ್ಯದಿಂದ ಬಿಡಿಸಿಕೊಂಡು ಹೊರಟ ಕತೆಯನ್ನು ಕತ್ತರಿಸಿ ಹಾಕಿದ್ದರು. ಆಳು ಒಡೆಯನಿಗೆ ವಿಧೇಯನಾಗಿರಬೇಕು ಎಂಬ ಮಾತನ್ನು ಜೋಪಾನವಾಗಿ ಉಳಿಸಿಕೊಂಡಿದ್ದರು. ದೇವರ ವಾಕ್ಯಕ್ಕೂ ಕತ್ತರಿ! ನಮ್ಮಲ್ಲಿ ಕೆಳಗಿನವನ ಕಿವಿಗೆ ಶಾಸ್ತ್ರ ಬೀಳಲೇಬಾರದು ಅಂದರು. ಅಲ್ಲಿ ಎಷ್ಟು ಬೀಳಬೇಕೋ ಅಷ್ಟನ್ನು ಅಳೆದು ಕೊಟ್ಟರು. ಎರಡರ ಹಿಂದಿನ ಭಯ ಒಂದೇ.

ಇನ್ನೂ ಒಂದು ಹೆಜ್ಜೆ ಮುಂದೆ ಹೋದವರಿದ್ದರು. ಬಾರ್ಬಡೋಸ್ ದ್ವೀಪದಲ್ಲಿ ಕಾಡ್ರಿಂಗ್ಟನ್ ಅನ್ನುವ ಕಬ್ಬಿನ ತೋಟಗಳಿದ್ದವು. ಅವುಗಳ ಒಡೆತನ ಯಾರದ್ದು ಗೊತ್ತೆ? ಪರದೇಶಗಳಲ್ಲಿ ಸುವಾರ್ತೆ ಸಾರಲು ಹುಟ್ಟಿದ ಆಂಗ್ಲಿಕನ್ ಸಂಘದ್ದು. ಮೊದಮೊದಲು ಅಲ್ಲಿ ಗುಲಾಮರ ಎದೆಯ ಮೇಲೆ ಕಾದ ಕಬ್ಬಿಣದಿಂದ ಸೊಸೈಟಿ ಅನ್ನುವ ಮುದ್ರೆ ಒತ್ತುತ್ತಿದ್ದರು. ಸುವಾರ್ತೆ ಮನುಷ್ಯನ ಎದೆಗೆ ಮುಟ್ಟಿದ ಒಂದು ವಿಧಾನ ಇದು.

3

ಲೈಲ್, ಬೇಕರ್ ಕಟ್ಟಿದ ಸಭೆಗಳು ಬೆಳೆದವು. ಇಂಗ್ಲೆಂಡಿನ ಬ್ಯಾಪ್ಟಿಸ್ಟರಿಗೆ ಸಹಾಯ ಬೇಡಿ ಕಾಗದ ಹೋಯಿತು. 1792ರಲ್ಲಿ ಕೆಟರಿಂಗ್ ಅನ್ನುವ ಪಟ್ಟಣದಲ್ಲಿ ಹುಟ್ಟಿದ ಬ್ಯಾಪ್ಟಿಸ್ಟ್ ಮಿಷನರಿ ಸಂಘ 1814ರಲ್ಲಿ ಜಮೈಕಾಗೆ ತನ್ನ ಮೊದಲ ಮಿಷನರಿಯನ್ನು ಕಳಿಸಿತು.

ಈ ಸಂಘ ನಮಗೆ ಅಪರಿಚಿತವಲ್ಲ. ಕೇರಿಯನ್ನು ಬಂಗಾಳಕ್ಕೆ ಕಳಿಸಿದ್ದು ಇದೇ ಸಂಘ. ಜೋಡು ಹೊಲಿಯುವ ಕೆಲಸ ಮಾಡಿಕೊಂಡಿದ್ದ ಆ ಕೇರಿ, ಮುಂದೆ 1817ರಲ್ಲಿ ಸೀರಾಂಪುರದಲ್ಲಿ ನಮ್ಮ ಕನ್ನಡ ಭಾಷೆಗೆ ಇಂಗ್ಲಿಷಿನಲ್ಲಿ ಒಂದು ವ್ಯಾಕರಣ ಬರೆದು ಅಚ್ಚು ಹಾಕಿಸಿದ. ಕನ್ನಡದ ವಿಭಕ್ತಿ ಪ್ರತ್ಯಯಗಳನ್ನು ಲೆಕ್ಕ ಹಾಕುತ್ತಿದ್ದಾಗ ಅವನ ಸಂಘದ ಇನ್ನೊಂದು ಕೈ ಜಮೈಕಾದ ಕಬ್ಬಿನ ತೋಟಗಳಲ್ಲಿ ಕೆಲಸ ಮಾಡುತ್ತಿತ್ತು. ಸಂಘ ಕಟ್ಟುವ ಮುಂಚೆ ಬರೆದ ಕರಪತ್ರದಲ್ಲಿ ಕೇರಿ, ವೆಸ್ಟ್ ಇಂಡೀಸಿನ ಸಕ್ಕರೆ ತಿನ್ನುವುದನ್ನು ಬಿಟ್ಟ ಮನೆಗಳವರು ಉಳಿದ ದುಡ್ಡನ್ನು ಮಿಷನ್ನಿಗೆ ಕೊಡಲಿ ಅಂತ ಸೂಚಿಸಿದ್ದ. ಗುಲಾಮರ ರಕ್ತ ಸೇರಿದ ಸಕ್ಕರೆ ಬೇಡ ಎಂದವರ ಉಳಿತಾಯವೂ ಈ ಸಂಘದ ಕಲ್ಪನೆಯಲ್ಲಿ ಇತ್ತು.

ಹೀಗಿದ್ದೂ ಜಮೈಕಾಗೆ ಹೊರಟ ಮಿಷನರಿಗೆ ಸಂಘ ಕೊಟ್ಟ ಅಪ್ಪಣೆ ಏನು? ರಾಜಕೀಯಕ್ಕೆ ಕೈ ಹಾಕಬೇಡ. ಒಡೆಯ ಗುಲಾಮರ ಸಂಬಂಧದ ಬಗ್ಗೆ ಬಾಯಿ ಬಿಡಬೇಡ. ಆತ್ಮದ ವಿಷಯ ಮಾತ್ರ ಮಾತಾಡು. ಗುಲಾಮನ ಆತ್ಮಕ್ಕೆ ಒಂದು ಮೈ ಕೂಡ ಇದೆ, ಆ ಮೈಯನ್ನು ಸಂತೆಯಲ್ಲಿ ಮಾರುತ್ತಾರೆ ಅನ್ನುವುದನ್ನು ಮರೆತು ಬೋಧನೆ ಮಾಡಬೇಕು. ಈ ಷರತ್ತಿಗೆ ಒಪ್ಪದಿದ್ದರೆ ಒಡೆಯರ ಸರಕಾರ ಬೋಧನೆಗೆ ಲೈಸೆನ್ಸ್ ಕೊಡುತ್ತಿರಲಿಲ್ಲ.

ಥಾಮಸ್ ಬರ್ಚೆಲ್ ಮಾಂಟೆಗೊ ಬೇ ಪಟ್ಟಣದಲ್ಲಿದ್ದ. ವಿಲಿಯಂ ನಿಬ್ ಹತ್ತಿರದ ಫಾಲ್ಮತ್‌ನಲ್ಲಿದ್ದ. ನಿಬ್ ಹುಟ್ಟಿದ್ದು ಅದೇ ಕೆಟರಿಂಗ್‌ನಲ್ಲಿ, 1803ರಲ್ಲಿ. 1825ರಲ್ಲಿ ಜಮೈಕಾಗೆ ಬಂದ. ಮಿಷನರಿಗಳು ಬೆರಳೆಣಿಕೆಯಷ್ಟು, ಸಭಿಕರು ಸಾವಿರಾರು. ಆದ್ದರಿಂದ ನಿಜವಾದ ಕೆಲಸ ಮಾಡುತ್ತಿದ್ದವರು ಗುಲಾಮರ ನಡುವಿನ ಮುಂದಾಳುಗಳು. ಸಭೆಯ ಪ್ರತಿ ಸದಸ್ಯನಿಗೂ ಒಂದು ಚೀಟಿ. ಆ ಚೀಟಿಯನ್ನು ಆಗಾಗ ಹೊಸದು ಮಾಡಿಸಿಕೊಳ್ಳಬೇಕು. ತೋಟಕ್ಕೊಬ್ಬ ಮುಂದಾಳು ರಾತ್ರಿ ಕೆಲಸ ಮುಗಿದ ಮೇಲೆ ಜನರನ್ನು ಸೇರಿಸಿ ಪ್ರಾರ್ಥನೆ ನಡೆಸುತ್ತಿದ್ದ. ಹತ್ತಾರು ತೋಟಗಳ ನಡುವೆ ಹೀಗೆ ಒಂದು ಜಾಲ ಬೆಳೆಯಿತು. ಬಿಳಿಯನ ಕಣ್ಣಿಗೆ ಅದು ಪ್ರಾರ್ಥನೆಯ ಕೂಟ. ಗುಲಾಮನಿಗೆ ಅದು ಬದುಕಿನಲ್ಲಿ ಸಿಕ್ಕ ಮೊದಲ ಸಂಘಟನೆ.

4

ಸ್ಯಾಮ್ ಶಾರ್ಪ್ ಈ ಜಾಲದ ಮನುಷ್ಯ. ಮಾಂಟೆಗೊ ಬೇಯಲ್ಲಿ ಅದೇ ಹೆಸರಿನ ಒಬ್ಬ ವಕೀಲನ ಗುಲಾಮ. ಗುಲಾಮನ ಹೆಸರೂ ಅವನ ಸ್ವಂತದ್ದಲ್ಲ ನೋಡಿ! ಆಗ ಅವನಿಗೆ ಇನ್ನೂ ಎಳೆ ವಯಸ್ಸು, ಆದರೂ ಜನ ಅವನನ್ನು ಅಪ್ಪ ಅಂತ ಕರೆಯುತ್ತಿದ್ದರು. ಬರ್ಚೆಲ್‌ನ ಸಭೆಯಲ್ಲಿ ಡೀಕನ್ ಆಗಿದ್ದ. ಮಿಷನರಿಗಳ ಅಂಕೆಗೆ ಒಳಪಡದ ಕಪ್ಪುಜನರದ್ದೇ ಆದ ಬ್ಯಾಪ್ಟಿಸ್ಟ್ ಕೂಟಗಳಲ್ಲೂ ಅವನಿಗೆ ದೊಡ್ಡ ಸ್ಥಾನ ಇತ್ತು. ಮುಖ್ಯವಾಗಿ ಅವನಿಗೆ ಓದಲು ಬರುತ್ತಿತ್ತು. ಬೈಬಲ್ಲು ಓದುತ್ತಿದ್ದ. ಪತ್ರಿಕೆಗಳನ್ನೂ ಓದುತ್ತಿದ್ದ. ಈ ಎರಡು ಓದು ಒಂದೇ ತಲೆಯಲ್ಲಿ ಸೇರಿದಾಗ ಏನಾಗುತ್ತದೆ ಅನ್ನುವುದನ್ನು ಮಿಷನರಿಗಳು ಯೋಚಿಸಿರಲಿಲ್ಲ.

ಪತ್ರಿಕೆಗಳಲ್ಲಿ ಏನು ಬರುತ್ತಿತ್ತು? ಇಂಗ್ಲೆಂಡಿನಲ್ಲಿ ಗುಲಾಮಗಿರಿ ನಿಲ್ಲಿಸಬೇಕು ಅಂತ ಚಳವಳಿ ಜೋರಾಗಿತ್ತು. ಅದಕ್ಕೆ ಎದುರಾಗಿ 1831ರ ಮಧ್ಯದಿಂದ ಜಮೈಕಾದ ತೋಟದ ಧಣಿಗಳು ಊರೂರಲ್ಲಿ ಸಭೆ ಸೇರಿ, ಗುಲಾಮರನ್ನು ಬಿಡುವ ಬದಲು ಬ್ರಿಟನ್ನಿನ ಸಂಬಂಧವನ್ನೇ ಕಡಿದುಕೊಂಡು ಅಮೆರಿಕದ ಜೊತೆ ಸೇರುತ್ತೇವೆ ಅಂತ ಗುಡುಗುತ್ತಿದ್ದರು. ಧಣಿ ಊಟದ ಮೇಜಿನಲ್ಲಿ ಕೂತು ಕೂಗಾಡುವಾಗ ಬಡಿಸುವ ಆಳಿಗೆ ಕಿವಿ ಇರುವುದಿಲ್ಲವೆ? ಒಡೆಯರ ಭಯವನ್ನು ನೋಡಿಯೇ ಗುಲಾಮರು ಲೆಕ್ಕ ಹಾಕಿದರು: ಇಷ್ಟು ಹೆದರಬೇಕಾದರೆ ಬಿಡುಗಡೆಯ ಕಾಗದ ಬಂದೇ ಬಿಟ್ಟಿರಬೇಕು, ಇವರು ಮುಚ್ಚಿಟ್ಟಿದ್ದಾರೆ. ಆ ಹೊತ್ತಿಗೆ ಬರ್ಚೆಲ್ ಇಂಗ್ಲೆಂಡಿಗೆ ಹೋಗಿದ್ದ. ಕ್ರಿಸ್ಮಸ್ ಹೊತ್ತಿಗೆ ಅವನು ಆ ಕಾಗದ ತರುತ್ತಾನೆ ಅನ್ನುವ ಮಾತು ತೋಟದಿಂದ ತೋಟಕ್ಕೆ ಹಬ್ಬಿತು.

ಶಾರ್ಪ್ ಕಾಗದಕ್ಕೆ ಕಾಯುವವನಲ್ಲ. ಇಬ್ಬರು ಒಡೆಯರಿಗೆ ಒಬ್ಬ ಆಳಾಗಿರಲು ಸಾಧ್ಯವಿಲ್ಲ ಅನ್ನುವ ಅರ್ಥದ ಏಸುವಿನ ಮಾತನ್ನು ಅವನು ಹಿಡಿದುಕೊಂಡ. ಮಿಷನರಿಗಳು ಆ ಮಾತಿಗೆ ದೇವರು ಮತ್ತು ಹಣದ ಆಸೆ ಅಂತ ವ್ಯಾಖ್ಯಾನ ಕೊಡುತ್ತಿದ್ದರು. ಗುಲಾಮನಿಗೆ ಒಡೆಯ ಅನ್ನುವುದು ಉಪಮೆಯಲ್ಲ. ಒಡೆಯ ಅಂದರೆ ಬಾರುಕೋಲು ಹಿಡಿದ ಮನುಷ್ಯ. ನಾನು ದೇವರ ಆಳಾದರೆ ಇವನ ಆಳು ಹೇಗಾಗುತ್ತೇನೆ? ಬಿಳಿಯನು ಕರಿಯನನ್ನು ಗುಲಾಮನಾಗಿ ಇಟ್ಟುಕೊಳ್ಳುವ ಹಕ್ಕಿದ್ದರೆ, ಕರಿಯನಿಗೂ ಬಿಳಿಯನನ್ನು ಹಾಗೆ ಇಟ್ಟುಕೊಳ್ಳುವ ಹಕ್ಕು ಅಷ್ಟೇ ಇರಬೇಕಲ್ಲ? ಹೀಗೆ ಸಾಗಿತು ಅವನ ವಾದ. ಇದಕ್ಕೆ ಯಾವ ಪಂಡಿತ ಉತ್ತರ ಕೊಡುತ್ತಾನೆ?

ಪ್ರಾರ್ಥನೆ ಮುಗಿದು ಉಳಿದವರೆಲ್ಲ ಹೋದ ಮೇಲೆ, ಆಯ್ದ ಕೆಲವರನ್ನು ಕೂರಿಸಿಕೊಂಡು ಅವನು ಯೋಜನೆ ಹೇಳುತ್ತಿದ್ದ. ಕ್ರಿಸ್ಮಸ್ ರಜೆ ಮುಗಿದ ಮೇಲೆ ಯಾರೂ ಕೆಲಸಕ್ಕೆ ಹೋಗಬಾರದು. ಕೂಲಿ ಕೊಟ್ಟರೆ ಮಾತ್ರ ಕೆಲಸ. ಬೈಬಲ್ಲಿನ ಮೇಲೆ ಕೈಯಿಟ್ಟು ಪ್ರಮಾಣ ಮಾಡಿಸಿಕೊಂಡ. ಮುಷ್ಕರ ಅಂತ ನಾವು ಇವತ್ತು ಏನನ್ನು ಕರೆಯುತ್ತೇವೋ ಅದನ್ನೇ ಗುಲಾಮರು 1831ರಲ್ಲಿ ಹೂಡಿದರು.

ಕ್ರಿಸ್ಮಸ್ಸೇ ಯಾಕೆ? ಅದಕ್ಕೂ ಲೆಕ್ಕ ಇದೆ. ಕ್ರಿಸ್ಮಸ್ಸಿಗೆ ಗುಲಾಮರಿಗೆ ಮೂರು ದಿನ ಬಿಡುವು ಕೊಡುವುದು ರೂಢಿ. ಆಗ ಜನ ತೋಟದಿಂದ ತೋಟಕ್ಕೆ, ಪಟ್ಟಣಕ್ಕೆ ಓಡಾಡಬಹುದು. ಪ್ರಾರ್ಥನಾ ಮಂದಿರಗಳಲ್ಲಿ ಸಾವಿರಾರು ಜನ ಒಟ್ಟಿಗೆ ಸೇರಬಹುದು. ಹಬ್ಬ ಕಳೆದ ಕೂಡಲೇ ಕಬ್ಬು ಕಡಿಯುವ ಸುಗ್ಗಿ. ಕಡಿಯದಿದ್ದರೆ ಕಬ್ಬು ಹಾಳು, ಧಣಿ ಹಾಳು. ಆ ವರ್ಷ ಕ್ರಿಸ್ಮಸ್ ಬಿದ್ದದ್ದು ಭಾನುವಾರ. ಹೇಗೂ ರಜೆಯ ದಿನ. ಹಾಗಾಗಿ ಮಂಗಳವಾರವೂ ಬಿಡುವು ಕೊಡಬೇಕೋ ಬೇಡವೋ ಅಂತ ಧಣಿಗಳು ಚೌಕಾಸಿ ಮಾಡಿದರು. ದೇವರ ಹುಟ್ಟುಹಬ್ಬದಲ್ಲೂ ಗುಲಾಮನ ಒಂದು ದಿನವನ್ನು ಕದಿಯಲು ನೋಡಿದವರು ಇವರು.

5

ಡಿಸೆಂಬರ್ 22ರಂದು ಗವರ್ನರ್ ಬೆಲ್ಮೋರ್ ರಾಜನ ಹೆಸರಿನ ಒಂದು ಘೋಷಣೆ ಹೊರಡಿಸಿದ. ಬಿಡುಗಡೆ ಬಂದಿದೆ ಅನ್ನುವ ಸುದ್ದಿ ಸುಳ್ಳು, ಗುಲಾಮರು ವಿಧೇಯರಾಗಿರಬೇಕು ಅಂತ. ಆ ಘೋಷಣೆಗೆ ಇಂಗ್ಲೆಂಡಿನಲ್ಲಿ ಸಹಿ ಬಿದ್ದದ್ದು ಜೂನ್ ತಿಂಗಳಲ್ಲಿ. ಆರು ತಿಂಗಳು ಪೆಟ್ಟಿಗೆಯಲ್ಲಿಟ್ಟು ಹಬ್ಬಕ್ಕೆ ಮೂರು ದಿನ ಇರುವಾಗ ತೆಗೆದರು. ಯಾರು ನಂಬುತ್ತಾರೆ?

ಡಿಸೆಂಬರ್ 27. ಮಂಗಳವಾರ. ಮಾಂಟೆಗೊ ಬೇಗೆ ಸೇರಿದ ಬೆಟ್ಟಸೀಮೆಯ ಸಾಲ್ಟರ್ಸ್ ಹಿಲ್‌ನಲ್ಲಿ ಹೊಸ ಪ್ರಾರ್ಥನಾ ಮಂದಿರದ ಆರಂಭೋತ್ಸವ. ಮೋಸೆಸ್ ಬೇಕರ್ ಹಿಂದೆ ಕಟ್ಟಿದ ಸಭೆಯೇ ಬೆಳೆದು ಇಲ್ಲಿಗೆ ಬಂದಿತ್ತು. ದೊಡ್ಡ ಜನಸ್ತೋಮ. ನಿಬ್ ಅಲ್ಲಿ ಎದ್ದು ನಿಂತು, ಬಿಡುಗಡೆಯ ಕಾಗದ ಬಂದಿಲ್ಲ, ಯಾರೋ ನಿಮಗೆ ಸುಳ್ಳು ಹೇಳಿದ್ದಾರೆ, ದಯಮಾಡಿ ಕೆಲಸಕ್ಕೆ ಹೋಗಿ ಅಂತ ಕೈಮುಗಿದು ಕೇಳಿಕೊಂಡ.

ನಿಬ್ ಹೇಳಿದ್ದು ಸುಳ್ಳಲ್ಲ. ಕಾಗದ ನಿಜವಾಗಿಯೂ ಬಂದಿರಲಿಲ್ಲ. ಅವನು ಒಡೆಯರ ಬಾಲಬಡುಕನೂ ಅಲ್ಲ. ಜನ ಸಾಯುತ್ತಾರೆ ಅನ್ನುವ ಸಂಕಟದಿಂದಲೇ ಅಂದ. ಆದರೂ ಜನ ಸಿಟ್ಟಾದರು. ಯಾಕೆ? ಅವರು ಕೇಳಲು ಬಂದಿದ್ದದ್ದು ಕಾಗದ ಬಂದಿದೆಯೋ ಇಲ್ಲವೋ ಅಂತ ಮಾತ್ರ ಅಲ್ಲ. ಬರಬೇಕೋ ಬೇಡವೋ? ಅದು ನ್ಯಾಯವೋ ಅಲ್ಲವೋ? ಈ ಪ್ರಶ್ನೆಗೆ ಉತ್ತರ ಕೊಡುವ ಅಧಿಕಾರ ನಿಬ್‌ಗೆ ಅವನ ಸಂಘ ಕೊಟ್ಟಿರಲಿಲ್ಲ. ಮನಸ್ಸಿನಲ್ಲಿ ಗುಲಾಮಗಿರಿಯನ್ನು ಹೇಸುತ್ತಿದ್ದವನು ಬಾಯಲ್ಲಿ ತಾಳ್ಮೆ ಬೋಧಿಸಬೇಕಾಯಿತು. ಒಳ್ಳೆಯ ಮನುಷ್ಯನೊಬ್ಬ ಕೆಟ್ಟ ವ್ಯವಸ್ಥೆಯ ಲೈಸೆನ್ಸ್ ಜೇಬಿನಲ್ಲಿಟ್ಟುಕೊಂಡು ಮಾತಾಡಿದರೆ ಹೀಗೇ ಆಗುತ್ತದೆ.

ಅದೇ ಸಂಜೆ ಬೆಟ್ಟದ ಮೇಲಿನ ಕೆನ್ಸಿಂಗ್ಟನ್ ತೋಟಕ್ಕೆ ಬೆಂಕಿ ಬಿತ್ತು. ದೂರದೂರಕ್ಕೆ ಕಾಣುವ ಜಾಗ ಅದು. ಅದನ್ನು ನೋಡಿ ಇನ್ನೊಂದು ಬೆಟ್ಟದಲ್ಲಿ ಬೆಂಕಿ ಎದ್ದಿತು, ಅದನ್ನು ನೋಡಿ ಮತ್ತೊಂದು. ಶಾರ್ಪ್ ಬಯಸಿದ್ದು ಶಾಂತಿಯ ಮುಷ್ಕರ. ಆದರೆ ತಲೆಮಾರುಗಳ ಸಿಟ್ಟು ಒಬ್ಬನ ಯೋಜನೆಯೊಳಗೆ ನಿಲ್ಲುತ್ತದೆಯೆ? ಜೊತೆಗೆ ಬಂಡಾಯಗಾರರಲ್ಲೇ ಒಂದು ತಂಡ ಆಯುಧ ಹಿಡಿಯಲು ಮೊದಲೇ ತಯಾರಾಗಿತ್ತು. ಸಕ್ಕರೆಯ ಆಲೆಮನೆಗಳು, ಕಬ್ಬಿನ ಗದ್ದೆಗಳು, ಧಣಿಗಳ ಬಂಗಲೆಗಳು ಉರಿದವು. ಬಂಡಾಯದಲ್ಲಿ ಸೇರಿದವರು ಇಪ್ಪತ್ತು ಸಾವಿರದಿಂದ ಅರವತ್ತು ಸಾವಿರ ಅಂತ ಚರಿತ್ರೆಕಾರರ ಅಂದಾಜು. ಇಷ್ಟು ಜನ ಎದ್ದರೂ ಸತ್ತ ಬಿಳಿಯರು 14 ಮಂದಿ. ಉರಿದದ್ದು ಆಸ್ತಿ. ಹನ್ನೊಂದು ಲಕ್ಷ ಪೌಂಡಿಗೂ ಮೀರಿದ ನಷ್ಟ ಅಂತ ಜಮೈಕಾದ ಶಾಸನಸಭೆ ಲೆಕ್ಕ ಕಟ್ಟಿತು.

ಸೈನ್ಯ ಬಂತು. ಮಾರ್ಷಲ್ ಲಾ ಬಂತು. ಜನವರಿ ಮೊದಲ ವಾರ ಕಳೆಯುವಷ್ಟರಲ್ಲಿ ಬಂಡಾಯದ ಬೆನ್ನು ಮುರಿದಿತ್ತು. ಹೋರಾಟದಲ್ಲಿ ಸುಮಾರು ಇನ್ನೂರು ಗುಲಾಮರು ಸತ್ತರು. ಆಮೇಲೆ ವಿಚಾರಣೆ ಅನ್ನುವ ನಾಟಕ ಮಾಡಿ ಮುನ್ನೂರಕ್ಕೂ ಹೆಚ್ಚು ಜನರನ್ನು ಗಲ್ಲಿಗೇರಿಸಿದರು, ಗುಂಡಿಟ್ಟರು. ಹದಿನಾಲ್ಕಕ್ಕೆ ಐನೂರು. ಈ ಲೆಕ್ಕ ನಮ್ಮ ಹಳ್ಳಿಗಳವರಿಗೆ ಹೊಸದಲ್ಲ.

6

ಸೋತ ಮೇಲೆ ಒಡೆಯರು ಮಿಷನರಿಗಳ ಕಡೆ ತಿರುಗಿದರು. ಕೆಲಸಕ್ಕೆ ಹೋಗಿ ಅಂತ ಬೇಡಿಕೊಂಡ ನಿಬ್‌ನನ್ನೇ ಬಂಧಿಸಿದರು. ಜನವರಿ 7ರಂದು ಹಡಗಿನಿಂದ ಬಂದ ಬರ್ಚೆಲ್‌ನನ್ನೂ ಹಿಡಿದರು. ಆಂಗ್ಲಿಕನ್ ಪಾದ್ರಿ ಜಾರ್ಜ್ ಬ್ರಿಜಸ್ ಎಂಬಾತನ ಮುಂದಾಳತ್ವದಲ್ಲಿ ಕಲೋನಿಯಲ್ ಚರ್ಚ್ ಯೂನಿಯನ್ ಅನ್ನುವ ಸಂಘ ಹುಟ್ಟಿತು. ಚರ್ಚಿನ ಹೆಸರಿಟ್ಟುಕೊಂಡ ಈ ಧಣಿಗಳ ದಂಡು ಬ್ಯಾಪ್ಟಿಸ್ಟ್, ಮೆಥಡಿಸ್ಟ್ ಪ್ರಾರ್ಥನಾ ಮಂದಿರಗಳನ್ನು ಕೆಡವಿತು, ಸುಟ್ಟಿತು. ಮೆಥಡಿಸ್ಟ್ ಮಿಷನರಿ ಹೆನ್ರಿ ಬ್ಲೆಬಿಯ ಮೈಗೆ ಡಾಂಬರು ಬಳಿದು ಬೆಂಕಿ ಹಚ್ಚಲು ನೋಡಿತು. ಎಲ್ಲರೂ ಒಂದೇ ದೇವರ ಭಕ್ತರು, ಎಲ್ಲರ ಕೈಯಲ್ಲೂ ಅದೇ ಬೈಬಲ್ಲು. ಸಕ್ಕರೆಯ ಲಾಭಕ್ಕೆ ಧಕ್ಕೆ ಬಂದಾಗ ಯಾರು ಯಾರ ಕಡೆ ಅನ್ನುವುದು ಬಯಲಾಯಿತು.

ನಿಬ್ ಬದಲಾದದ್ದು ಇಲ್ಲಿ. ಜೈಲು ಕಂಡು, ತನ್ನ ಮಂದಿರ ಬೂದಿಯಾದದ್ದು ಕಂಡು, ತನ್ನ ಸಭೆಯ ಜನ ನೇಣಿಗೆ ಹೋಗುವಾಗಲೂ ಮಿಷನರಿಗಳ ಮೇಲೆ ಸುಳ್ಳು ಸಾಕ್ಷಿ ಹೇಳದೆ ಸತ್ತದ್ದನ್ನು ಕಂಡು ಅವನ ಕಣ್ಣು ತೆರೆಯಿತು. 1832ರಲ್ಲಿ ಇಂಗ್ಲೆಂಡಿಗೆ ಹೋದ. ಜೂನ್ ತಿಂಗಳಲ್ಲಿ ಸಂಘದ ವಾರ್ಷಿಕ ಸಭೆಯಲ್ಲಿ ಮಾತಿಗೆ ನಿಂತಾಗ, ಜಾಗ್ರತೆ ಅಂತ ಹಿಂದಿನಿಂದ ಸಂಘದ ಕಾರ್ಯದರ್ಶಿ ಕೋಟಿನ ಚುಂಗು ಎಳೆದನಂತೆ. ನಿಬ್ ಕೇಳಲಿಲ್ಲ. ಗುಲಾಮಗಿರಿ ಇರುವವರೆಗೆ ಅಲ್ಲಿ ಸುವಾರ್ತೆಗೆ ಜಾಗವಿಲ್ಲ, ಅದು ತೊಲಗಲೇಬೇಕು ಅಂತ ತುಂಬಿದ ಸಭೆಯಲ್ಲಿ ಸಾರಿದ. ಪಾರ್ಲಿಮೆಂಟಿನ ಎರಡೂ ಸದನಗಳ ಸಮಿತಿಗಳ ಮುಂದೆ ಸಾಕ್ಷಿ ನುಡಿದ. ಊರೂರು ಸುತ್ತಿ ಭಾಷಣ ಮಾಡಿದ.

ಏಳು ವರ್ಷ ಜಮೈಕಾದಲ್ಲಿ ಬೋಧಿಸುತ್ತಿದ್ದವನಿಗೆ ಈ ಮಾತು ಹೇಳುವ ಧೈರ್ಯ ಬಂದದ್ದು ಎಲ್ಲಿಂದ? ಸಂಘದ ಅಪ್ಪಣೆಯಿಂದ ಬರಲಿಲ್ಲ. ಗುಲಾಮರಿಂದ ಬಂತು. ಅವರಿಗೆ ಇವನು ಅಕ್ಷರ ಕಲಿಸಿದ. ಆ ಅಕ್ಷರಕ್ಕೆ ಅರ್ಥ ಏನು ಅಂತ ಅವರು ಇವನಿಗೆ ಕಲಿಸಿದರು. ಬೋಧಕನಿಗೇ ಬೋಧನೆಯಾಯಿತು.

ಶಾರ್ಪ್ ಜೈಲಿನಲ್ಲಿದ್ದಾಗ ಬ್ಲೆಬಿ ಅವನನ್ನು ಹಲವು ಸಲ ಭೇಟಿಯಾದ. ಜೀವಹಾನಿಯಾದದ್ದಕ್ಕೆ ಶಾರ್ಪ್ ದುಃಖಪಟ್ಟ. ಮಿಷನರಿಗಳಿಗೂ ಬಂಡಾಯಕ್ಕೂ ಸಂಬಂಧವಿಲ್ಲ ಅಂತ ಸ್ಪಷ್ಟವಾಗಿ ಹೇಳಿದ. ಆದರೆ ಸ್ವಾತಂತ್ರ್ಯ ಕೇಳಿದ್ದು ತಪ್ಪು ಅಂತ ಹೇಳಿಸಲು ಯಾರಿಂದಲೂ ಆಗಲಿಲ್ಲ. ಗುಲಾಮನಾಗಿ ಬದುಕುವುದಕ್ಕಿಂತ ಎದುರಿಗೆ ಕಾಣುವ ಆ ಗಲ್ಲುಗಂಬವೇ ಮೇಲು ಎಂದನಂತೆ. 1832ರ ಮೇ 23ರಂದು ಮಾಂಟೆಗೊ ಬೇಯ ಪೇಟೆಚೌಕದಲ್ಲಿ ಅವನನ್ನು ನೇಣಿಗೆ ಹಾಕಿದರು. ಒಡೆಯನ ಆಸ್ತಿ ನಷ್ಟವಾಯಿತಲ್ಲ, ಅದಕ್ಕೆ ಸರಕಾರ ಪರಿಹಾರ ಕೊಟ್ಟಿತು. ಶಾರ್ಪ್‌ನ ಬೆಲೆ 16 ಪೌಂಡ್ 10 ಶಿಲಿಂಗ್.

7

ಮರುವರ್ಷ, 1833ರ ಆಗಸ್ಟ್ 28ರಂದು ಗುಲಾಮಗಿರಿ ರದ್ದತಿಯ ಕಾಯಿದೆಗೆ ರಾಜನ ಸಹಿ ಬಿತ್ತು. 1834ರ ಆಗಸ್ಟ್ 1ರಿಂದ ಜಾರಿ. ಆದರೆ ಪೂರ್ತಿ ಬಿಡುಗಡೆಯಲ್ಲ. ಅಪ್ರೆಂಟಿಸ್ ಅನ್ನುವ ಹೆಸರಿನಲ್ಲಿ ಇನ್ನೂ ಕೆಲವು ವರ್ಷ ಅದೇ ಒಡೆಯನಿಗೆ ಬಿಟ್ಟಿ ದುಡಿಯಬೇಕು. ನಿಜವಾದ ಬಿಡುಗಡೆ ಬಂದದ್ದು 1838ರ ಆಗಸ್ಟ್ 1ಕ್ಕೆ. ಆ ಹಿಂದಿನ ನಡುರಾತ್ರಿ ಫಾಲ್ಮತ್‌ನಲ್ಲಿ ನಿಬ್ ಮತ್ತು ಅವನ ಜನ ಬಾರುಕೋಲು, ಸರಪಳಿ, ಕೊರಳಿನ ಕಬ್ಬಿಣದ ಪಟ್ಟಿ ಇವನ್ನು ಶವಪೆಟ್ಟಿಗೆಯಲ್ಲಿಟ್ಟು ಹೂತರು.

ಪರಿಹಾರ ಯಾರಿಗೆ? ಎರಡು ಕೋಟಿ ಪೌಂಡು ಒಡೆಯರಿಗೆ. ಅದರಲ್ಲಿ ಸುಮಾರು ಅರವತ್ತು ಲಕ್ಷ ಜಮೈಕಾದವರ ಪಾಲು. ಎದೆಗೆ ಮುದ್ರೆ ಒತ್ತುತ್ತಿದ್ದ ಸುವಾರ್ತೆಯ ಸಂಘಕ್ಕೂ 411 ಗುಲಾಮರ ಲೆಕ್ಕಕ್ಕೆ 8,823 ಪೌಂಡು ಸಂದಾಯವಾಯಿತು. ಗುಲಾಮರಿಗೆ ಬಿಡಿಗಾಸಿಲ್ಲ. ಒಡೆಯರಿಗೆ ಕೊಡಲು ಎತ್ತಿದ ಸಾಲದ ಕೊನೆಯ ಕಂತನ್ನು ಬ್ರಿಟಿಷ್ ಸರಕಾರ ತೀರಿಸಿದ್ದು 2015ರಲ್ಲಿ. ಅಲ್ಲಿಯವರೆಗೆ ತೆರಿಗೆ ಕಟ್ಟಿದವರಲ್ಲಿ ಇಂಗ್ಲೆಂಡಿಗೆ ದುಡಿಯಲು ಹೋದ ಗುಲಾಮರ ಮರಿಮಕ್ಕಳೂ ಇದ್ದರು!

ಇನ್ನೊಂದು ಮಾತು ನಮಗೆ ನೇರ ಸಂಬಂಧಪಟ್ಟದ್ದು. 1833ರ ಆ ಕಾಯಿದೆಯಲ್ಲೇ ಒಂದು ಕಲಮು ಇತ್ತು: ಈಸ್ಟ್ ಇಂಡಿಯಾ ಕಂಪನಿಯ ಆಡಳಿತದ ಪ್ರದೇಶಗಳಿಗೆ ಇದು ಅನ್ವಯಿಸುವುದಿಲ್ಲ. ಅಂದರೆ ನಮಗಿಲ್ಲ. 1799ರಿಂದಲೇ ಕಂಪನಿಯ ಕೈಯಲ್ಲಿದ್ದ ಕೆನರಾ ಜಿಲ್ಲೆಯಲ್ಲಿ ಗದ್ದೆಯ ಜೊತೆಗೆ ಆಳುಗಳನ್ನೂ ಮಾರುತ್ತಿದ್ದರು, ಒತ್ತೆ ಇಡುತ್ತಿದ್ದರು. 1801ರಲ್ಲಿ ಆ ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಬೆಲೆ ಕೊಟ್ಟು ಕೊಂಡ ಈ ಆಳುಗಳ ಬಗ್ಗೆ ಬರೆದಿದ್ದಾನೆ. ಅವರು ಯಾವ ಕೇರಿಯವರು ಅಂತ ಬೇರೆ ಹೇಳಬೇಕಾಗಿಲ್ಲ. ಲಂಡನ್ನಿನ ಅದೇ ಪಾರ್ಲಿಮೆಂಟು ಜಮೈಕಾದ ಗುಲಾಮನನ್ನು ಬಿಟ್ಟಿತು, ಕೆನರಾದ ಹೊಲೆಯನನ್ನು ಬಿಡಲಿಲ್ಲ. ಇಲ್ಲಿಗೆ 1843ರಲ್ಲಿ ಒಂದು ಕಾಯಿದೆ ಬಂತು. ಗುಲಾಮನ ಮೇಲಿನ ಹಕ್ಕನ್ನು ಕೋರ್ಟು ಎತ್ತಿ ಹಿಡಿಯದು ಎಂದಿತೇ ಹೊರತು ಗುಲಾಮನನ್ನು ಇಟ್ಟುಕೊಳ್ಳುವುದು ಅಪರಾಧ ಎನ್ನಲಿಲ್ಲ. ಜೀತವಂತೂ ಕಾಯಿದೆಯ ಕಣ್ಣಿಗೆ ಬೀಳಲು 1975ರವರೆಗೆ ಕಾಯಬೇಕಾಯಿತು. ಅತ್ತ ಜಮೈಕಾದ ಧಣಿಗಳು ಬಿಡುಗಡೆಯಾದ ಗುಲಾಮರ ಜಾಗಕ್ಕೆ ಕೂಲಿ ಒಪ್ಪಂದದ ಮೇಲೆ ನಮ್ಮ ದೇಶದ ಬಡವರನ್ನೇ ತರಿಸಿಕೊಂಡರು. 1845ರ ಮೇ 10ರಂದು ಓಲ್ಡ್ ಹಾರ್ಬರ್ ಬೇಯಲ್ಲಿ ಮೊದಲ ಹಡಗಿನಿಂದ ಸುಮಾರು 260 ಜನ ಇಳಿದರು.

1843ರಲ್ಲಿ ಇನ್ನೊಂದು ಸಂಗತಿಯೂ ನಡೆಯಿತು. ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನವರು ಕನ್ನಡದ ಮೊದಲ ಪತ್ರಿಕೆ ಮಂಗಳೂರು ಸಮಾಚಾರ ಹೊರತಂದ ವರ್ಷ ಅದು. ಅದೇ ವರ್ಷ ಅದೇ ಬಾಸೆಲ್ ಮಿಷನ್ನು ಪಶ್ಚಿಮ ಆಫ್ರಿಕದ ಗೋಲ್ಡ್ ಕೋಸ್ಟಿಗೆ ಕರೆದುಕೊಂಡು ಹೋದ ಮಿಷನರಿ ತಂಡದಲ್ಲಿ ಹೆಚ್ಚಿನವರು ಜಮೈಕಾದ ಕಪ್ಪು ಕ್ರೈಸ್ತರು. ಅವರಲ್ಲಿ ಕ್ಯಾಥರೀನ್ ಮಲ್ಗ್ರೇವ್ ಅನ್ನುವ ಶಿಕ್ಷಕಿ ಇದ್ದಳು. ಬಾಲ್ಯದಲ್ಲಿ ಅಂಗೋಲಾದಿಂದ ಅವಳನ್ನು ಗುಲಾಮರ ಹಡಗಿಗೆ ಹಾಕಿದ್ದರು, ಆ ಹಡಗು ಜಮೈಕಾದ ತೀರದಲ್ಲಿ ಒಡೆದು ಬದುಕಿಕೊಂಡಿದ್ದಳು. ಸರಕಾಗಿ ಬಂದವಳು ಮೇಡಮ್ಮಳಾಗಿ ಆಫ್ರಿಕಕ್ಕೆ ವಾಪಸು ಹೋಗಿ ಹೆಣ್ಣುಮಕ್ಕಳಿಗೆ ಶಾಲೆ ನಡೆಸಿದಳು. ಜಮೈಕಾದಲ್ಲಿ ಹಚ್ಚಿದ ದೀಪ ಹೀಗೆ ತಿರುಗಿ ಮೂಲಕ್ಕೆ ಹೋಯಿತು.

8

ಮಿಷನರಿಗಳು ನಮಗೆ ಶಾಲೆ ಕೊಟ್ಟರು, ಅಚ್ಚುಮೊಳೆ ಕೊಟ್ಟರು ಅಂತ ಹೊಗಳುವವರಿದ್ದಾರೆ. ಮತಾಂತರದ ಬಲೆ ಬೀಸಿದರು ಅಂತ ಬೈಯುವವರೂ ಇದ್ದಾರೆ. ಇಬ್ಬರೂ ಒಂದು ವಿಷಯದಲ್ಲಿ ಒಂದೇ: ಕೆಳಗಿನವನು ಬರೀ ಪಡೆಯುವವನು ಅಂತಲೇ ತಿಳಿದಿದ್ದಾರೆ. ಕೊಟ್ಟದ್ದನ್ನು ಇಸಕೊಂಡ, ಇಲ್ಲವೆ ಬೀಸಿದ ಬಲೆಗೆ ಬಿದ್ದ. ಅವನಿಗೂ ತಲೆ ಇದೆ, ಪುಸ್ತಕ ಕೈಗೆ ಬಂದರೆ ತನಗೆ ಬೇಕಾದ ಪುಟ ತಾನೇ ಹುಡುಕುತ್ತಾನೆ, ಕತ್ತರಿಸಿದ ಪುಟವನ್ನೂ ಊಹಿಸಿಕೊಳ್ಳುತ್ತಾನೆ ಅನ್ನುವುದು ಇಬ್ಬರಿಗೂ ಹೊಳೆಯುವುದಿಲ್ಲ. ಜಮೈಕಾ ಇದನ್ನು ತೋರಿಸಿಕೊಟ್ಟಿತು. ಪುಸ್ತಕ ತಂದವನಿಗೆ ಅದರ ಅರ್ಥದ ಮೇಲೆ ಪಟ್ಟಾ ಇಲ್ಲ.

1831ರ ಕ್ರಿಸ್ಮಸ್ಸಿನಲ್ಲಿ ನಿಬ್ ಹೇಳಿದ್ದು ಕಾಗದದ ಸತ್ಯ. ಶಾರ್ಪ್ ಹೇಳಿದ್ದು ನ್ಯಾಯದ ಸತ್ಯ. ನಿಬ್‌ನ ದೊಡ್ಡತನ ಏನೆಂದರೆ, ತನ್ನ ಸತ್ಯ ಚಿಕ್ಕದು ಅಂತ ಅವನಿಗೆ ಆರು ತಿಂಗಳಲ್ಲಿ ಗೊತ್ತಾಯಿತು. ಎಷ್ಟೋ ಜನರಿಗೆ ಬದುಕಿಡೀ ಗೊತ್ತಾಗುವುದಿಲ್ಲ.

ಶಾರ್ಪ್‌ನ ಹೆಣವನ್ನು ಮೊದಲು ಬಂದರಿನ ಮರಳಲ್ಲಿ ಹೂತಿದ್ದರು. ಆಮೇಲೆ ಅವನ ಜನ ಮೂಳೆಗಳನ್ನು ತೆಗೆದು ತಂದು ಮಾಂಟೆಗೊ ಬೇಯ ಬ್ಯಾಪ್ಟಿಸ್ಟ್ ಮಂದಿರದಲ್ಲಿ ಬೋಧನಾಪೀಠದ ಅಡಿಯಲ್ಲಿ ಮಣ್ಣು ಮಾಡಿದರು. ಸ್ವತಂತ್ರ ಜಮೈಕಾ ಅವನನ್ನು ರಾಷ್ಟ್ರವೀರರ ಸಾಲಿಗೆ ಸೇರಿಸಿತು. ಅವನನ್ನು ನೇಣು ಹಾಕಿದ ಚೌಕಕ್ಕೆ ಅವನದ್ದೇ ಹೆಸರಿಟ್ಟಿತು. ಅದೆಲ್ಲ ಸರಿ. ಆದರೆ ಅವನಿಗೆ ತಕ್ಕ ಜಾಗ ಆ ಪೀಠದ ಅಡಿಯೇ. ಕ್ರಿಸ್ಮಸ್ಸಿನಲ್ಲಿ ಅಲ್ಲಿ ನಿಂತು ಬಿಡುಗಡೆಯ ಕತೆ ಹೇಳುವವನು, ಯಾರ ಮೂಳೆಗಳ ಮೇಲೆ ನಿಂತಿದ್ದೇನೆ ಅಂತ ಒಮ್ಮೆ ಕೆಳಗೆ ನೋಡಿಕೊಂಡು ಮಾತು ಶುರುಮಾಡಬೇಕು.